ಮರ ಹತ್ತಿದ್ದು ಅವ, ಬೆವತಿದ್ದು ನಾನು

ಅಡಿಕೆಯ ಕೊನೆಕೊಯ್ಲು ಶುರುವಾಯಿತೆಂದರೆ ನನ್ನ ಚಪ್ಪಲಿಗೆ ಆಯುಷ್ಯ ಕಡಿಮೆ. ಹತ್ತುವವ ನಾನಲ್ಲ, ನನ್ನ ಅಪ್ಪನೂ ಹತ್ತಿದವನಲ್ಲ. ಆದರೆ 50 ಅಡಿ ಮೇಲೆ ಕೊನೆಗೌಡ ಒಂದು ಮರದ ಕೊನೆ ಇಳಿಸಿ, ನೆಲಕ್ಕೆ ಬಾರದೆ, ಮರವನ್ನೇ ಉಯ್ಯಾಲೆಯ ಹಾಗೆ ತೂಗಿಸಿ ಪಕ್ಕದ ಮರದ ಕುತ್ತಿಗೆಗೆ ಕೈ ಹಾಕುತ್ತಾನಲ್ಲ, ಆ ಒಂದು ಗಳಿಗೆಯಲ್ಲಿ ನನ್ನ ಕಾಲಬೆರಳು ಹತ್ತೂ ಚಪ್ಪಲಿಯ ಅಟ್ಟೆಯನ್ನು ಕಚ್ಚಿ ಹಿಡಿಯುತ್ತವೆ. ಮೀನಖಂಡ ಗಂಟಾಗುತ್ತದೆ. ಉಸಿರು ಅಲ್ಲೇ ನಿಲ್ಲುತ್ತದೆ. ಅವನು ಆಚೆ ಮರಕ್ಕೆ ದಾಟಿ ಕತ್ತಿ ಸರಿಮಾಡಿಕೊಳ್ಳುವ ಹೊತ್ತಿಗೆ ನನ್ನ ಬನಿಯನ್ನು ಒದ್ದೆ.

ಮೊನ್ನೆ ಇದನ್ನು ದಣಪೆಯ ಆಚೆಗೆ ನಿಂತು ಆಚೆಮನೆ ಭಾವ ಪೂರ್ತಿ ನೋಡಿಬಿಟ್ಟ. ಬಾಯಲ್ಲಿ ಕವಳ ಇದ್ದುದರಿಂದ ತಕ್ಷಣ ಏನೂ ಹೇಳಲಿಲ್ಲ. ಪಿಚಕ್ ಎಂದು ದಾಸವಾಳದ ಬುಡಕ್ಕೆ ಉಗಿದು, ಗಲ್ಲ ಒರೆಸಿಕೊಂಡು, ಆಮೇಲೆ ಹೇಳಿದ: "ಮರ ಹತ್ತಿದ್ದು ಅವ, ಬೆವತಿದ್ದು ನೀನು. ಅರ್ಧ ಕೂಲಿ ನಿಂಗೇ ಕೊಡವು ಹಾಂಗಾರೆ!"

ಮನ್ಮನೆಯಲ್ಲಿ ಹರಟೆ ಶುರುವಾಗಲು ಇಷ್ಟು ಸಾಕು. ನಮ್ಮದು ಗುಡ್ಡದ ಸಂದಿನ ಊರು. ಸಿದ್ದಾಪುರ ಸೀಮೆಯ ಉಳಿದ ಊರುಗಳ ಹಾಗೆ ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ತೋಟ, ನಡುವೆ ಮನೆ. ಮನೆಗೂ ಮನೆಗೂ ನಡುವೆ ಬೇಲಿ, ಬೇಲಿಗೊಂದು ದಣಪೆ. ದಣಪೆಯ ಮೇಲೆ ಮೊಣಕೈ ಊರಿ ನಿಂತರೆ ಭಾವನ ಅರ್ಧ ಮೈ ನನ್ನ ಅಂಗಳದಲ್ಲಿ, ನನ್ನ ಅರ್ಧ ಮೈ ಅವನ ಅಂಗಳದಲ್ಲಿ. ದಾಟಿ ಬಂದರೆ ಕೂರಿಸಿ ಆಸ್ರಿಗೆ ಕೊಡಬೇಕು, ಉಪಚಾರ ಶುರುವಾಗುತ್ತದೆ, ಮಾತು ಕೆಡುತ್ತದೆ. ಹಾಗಾಗಿ ಇಬ್ಬರೂ ದಾಟುವುದಿಲ್ಲ.

ನನ್ನ ತಂಗಿಯ ಮಗಳೊಬ್ಬಳು ತತ್ತ್ವಶಾಸ್ತ್ರ ಓದುತ್ತಾಳೆ. ದೀಪಾವಳಿಗೆ ಬಂದವಳು ಒಂದು ಪುಸ್ತಕ ಬಿಟ್ಟುಹೋಗಿದ್ದಳು. ಅದನ್ನು ಬರೆದವಳು ಎಡಿತ್ ಸ್ಟೈನ್ ಎಂಬ ಜರ್ಮನ್ ಯಹೂದಿ ಹುಡುಗಿ. 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಹುಸರ್ಲ್ ಎಂಬ ದೊಡ್ಡ ಮೇಷ್ಟರ ಕೈಕೆಳಗೆ ಡಾಕ್ಟರೇಟ್ ಮುಗಿಸಿದಳು. ಅದಕ್ಕೆ ಮೊದಲು ಸ್ವಲ್ಪ ಕಾಲ ರೆಡ್ ಕ್ರಾಸ್ ಆಸ್ಪತ್ರೆಯಲ್ಲಿ ಗಾಯಾಳುಗಳ ಶುಶ್ರೂಷೆಯನ್ನೂ ಮಾಡಿದ್ದಳು. ಪುಸ್ತಕದ ವಿಷಯ ಏನೆಂದರೆ, ಇನ್ನೊಬ್ಬರ ಅನುಭವ ನಮಗೆ ಹೇಗೆ ತಿಳಿಯುತ್ತದೆ ಎಂಬುದು. ಇದಕ್ಕೆ ನಾವು ಸಹಾನುಭೂತಿ ಎನ್ನಬಹುದಿತ್ತು, ಆದರೆ ಆ ಶಬ್ದ ನಮ್ಮಲ್ಲಿ 'ಅಯ್ಯೋ ಪಾಪ'ಕ್ಕೆ ಖರ್ಚಾಗಿಹೋಗಿದೆ. ಪರಾನುಭೂತಿ ಎಂದರೆ ಪರಮಾತ್ಮನ ಅನುಭೂತಿ ಎಂದುಕೊಂಡಾರು. ಶಬ್ದ ಹಾಗಿರಲಿ. ಆ ಪುಸ್ತಕದಲ್ಲಿ ನಮ್ಮ ಕೊನೆಗೌಡ ಇದ್ದಾನೆ! ಅಂದರೆ ಸರ್ಕಸ್ಸಿನ ದೊಂಬರಾಟದವ. ಅವಳಿಗಿಂತ ಮೊದಲು ಲಿಪ್ಸ್ ಎಂಬ ಪಂಡಿತ ಹೇಳಿದ್ದನಂತೆ: ಆಟದವನನ್ನು ಕಣ್ಣು ಕೀಲಿಸಿ ನೋಡುವಾಗ ನಾನು ಒಳಗೊಳಗೇ ಅವನ ಆಟವನ್ನೇ ಆಡುತ್ತಿರುತ್ತೇನೆ, ಆ ಹೊತ್ತಿಗೆ ಅವನೂ ನಾನೂ ಒಂದೇ. ಸ್ಟೈನ್ ಒಪ್ಪಲಿಲ್ಲ. ನೀನು ಅವನ ಜೊತೆ ಇದ್ದೀಯೇ ಹೊರತು ಅವನೇ ಆಗಿಲ್ಲ, ಚಲನೆ ಅವನದು, ನಿನಗೆ ಸಿಕ್ಕಿದ್ದು ಅವನ ಚಲನೆಯ ಅರಿವು ಎಂದಳು.

ಭಾವನಿಗೆ ಇಷ್ಟನ್ನು ಹೇಳುವಷ್ಟರಲ್ಲಿ ಗೌಡ ಎರಡು ಮರ ದಾಟಿದ್ದ. ನಾನು ಎರಡು ಸಲ ಮಾತು ನಿಲ್ಲಿಸಿದ್ದೆ.

"ಇದನ್ನ ಹೇಳಲೆ ಜರ್ಮನಿಗೆ ಹೋಗವು ಹೇಳಿ ಇಲ್ಲೆ. ಯಾಣಕ್ಕೆ ಹೋದ್ರೆ ಸಾಕು," ಎಂದ ಭಾವ.

ಯಾಣ ಗೊತ್ತಲ್ಲ, ಶಿರಸಿಯಿಂದ ಕುಮಟೆಯ ಕಡೆ 40 ಕಿಲೋಮೀಟರಿನಷ್ಟು ಕಾಡುದಾರಿ. 'ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ' ಎನ್ನುತ್ತಿದ್ದ ಕಾಲ ಹೋಯಿತು, ಈಗ ಹತ್ತಿರದ ತನಕ ವಾಹನ. ಕಾಡಿನ ನಡುವೆ ಎದ್ದುನಿಂತ ಎರಡು ಕರೀ ಶಿಲೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಸುತ್ತಲ ಮಣ್ಣು ಕಪ್ಪು. ಭಸ್ಮಾಸುರ ಸುಟ್ಟು ಬೂದಿಯಾದದ್ದು ಇಲ್ಲೇ ಎಂದು ಜನ ಹೇಳುತ್ತಾರೆ. ಅವನು ಸತ್ತದ್ದು ಹೇಗೆ? ಯುದ್ಧದಲ್ಲಿ ಅಲ್ಲ, ಕುಣಿತದಲ್ಲಿ. ಮೋಹಿನಿ ಕಾಲೆತ್ತಿದರೆ ಕಾಲೆತ್ತಿದ, ಸೊಂಟ ಬಳುಕಿಸಿದರೆ ಬಳುಕಿಸಿದ, ಅವಳು ತಲೆಯ ಮೇಲೆ ಕೈ ಇಟ್ಟಳು, ಇವನೂ ಇಟ್ಟ.

ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನೋಡಿದವರಿಗೆ ಈ ಜಾಗ ಕಣ್ಣಿಗೆ ಕಟ್ಟಿದ ಹಾಗಿರುತ್ತದೆ. 2012ರಲ್ಲಿ ಪದ್ಮಶ್ರೀ ಬಂತು, 2017ರಲ್ಲಿ ತೀರಿಕೊಂಡರು. ನಾವು ಬಯಲಾಟದ ಚಾಪೆಯ ಮೇಲೆ ನಿದ್ದೆಗಣ್ಣಲ್ಲಿ ಕೂತು ನೋಡಿದ ಭಸ್ಮಾಸುರನಲ್ಲಿ ರಾಕ್ಷಸತನ ಕ್ರಮೇಣ ಕರಗುತ್ತಿತ್ತು. ಮೊದಲು ಕಣ್ಣು ಮಾತ್ರ ಮೋಹಿನಿಯನ್ನು ಹಿಂಬಾಲಿಸುತ್ತಿತ್ತು. ಆಮೇಲೆ ಕತ್ತು, ಆಮೇಲೆ ಭುಜ. ಕೊನೆಗೆ ಇಡೀ ದೊಡ್ಡ ವೇಷ ಒಂದು ಹೆಣ್ಣಿನ ನಡಿಗೆಯಾಗಿಬಿಡುತ್ತಿತ್ತು. ಕೈ ತಲೆಗೆ ಹೋಗುವ ಹೊತ್ತಿಗೆ 'ಇದು ನನ್ನ ಕೈ, ಇದು ನನ್ನ ತಲೆ' ಎಂಬ ಲೆಕ್ಕ ಅವನಿಗೆ ಉಳಿದಿರಲಿಲ್ಲ. ಲಿಪ್ಸ್ ಪಂಡಿತ ಹೇಳಿದ ಪೂರ್ತಿ ಒಂದಾಗುವಿಕೆ ಎಂದರೆ ಇದೇ. ಅದರ ಫಲವೂ ಇದೇ.

"ಅವಂಗೆ ಒಂದು ಬೇಲಿ ಇದ್ದಿದ್ರೆ ಬದುಕ್ತಿದ್ದ," ಎಂದ ಭಾವ ದಣಪೆಯನ್ನು ತಟ್ಟುತ್ತ. ಸ್ಟೈನ್ ಇಡೀ ಪ್ರಬಂಧ ಬರೆದು ಹೇಳಿದ್ದನ್ನು ಇವನು ಕವಳ ಜಗಿಯುತ್ತ ಹೇಳಿದ್ದಕ್ಕೆ ನನಗೆ ಸ್ವಲ್ಪ ಹೊಟ್ಟೆ ಉರಿಯಿತು. ನೋಡಿ, ಹೊಟ್ಟೆ ಉರಿಯಿತು ಎಂದೆ. ಕನ್ನಡದಲ್ಲಿ ಇನ್ನೊಬ್ಬರ ಏಳಿಗೆ ಹೊಟ್ಟೆಯಲ್ಲಿ ಉರಿಯುತ್ತದೆ, ಇನ್ನೊಬ್ಬರ ಸಂಕಟ ಕರುಳಲ್ಲಿ ಚುರ್ ಎನ್ನುತ್ತದೆ, ಇನ್ನೊಬ್ಬ ಬಿದ್ದರೆ ಎದೆ ಝಲ್ ಎನ್ನುತ್ತದೆ. ತಲೆಗೆ ನಾವು ಇಟ್ಟದ್ದು ಬಿಸಿ ಮತ್ತು ನೋವು ಮಾತ್ರ.

ಇದೆಲ್ಲ ತಲೆಯಲ್ಲೂ ನಡೆಯುತ್ತದೆ ಎನ್ನುವವರಿದ್ದಾರೆ. ಇಟಲಿಯ ಪಾರ್ಮಾದಲ್ಲಿ 1990ರ ದಶಕದಲ್ಲಿ ಮಂಗಗಳ ಮಿದುಳಿನಲ್ಲಿ ಕನ್ನಡಿ ನರಕೋಶ ಎಂದು ಏನನ್ನೋ ಕಂಡರು. ಮಂಗ ತಾನು ಕಾಳು ಎತ್ತಿಕೊಂಡಾಗ ಮಿಡಿಯುವ ನರಕೋಶವೇ ಮನುಷ್ಯ ಕಾಳು ಎತ್ತುವುದನ್ನು ನೋಡಿದಾಗಲೂ ಮಿಡಿಯಿತಂತೆ. ನಮ್ಮ ತೋಟದ ಮಂಗಗಳ ಮೇಲೆ ಯಾರೂ ಪ್ರಯೋಗ ಮಾಡಿಲ್ಲ. ನಾನು ಬಾಳೆಗೊನೆಗೆ ಕೈ ಹಾಕುವ ಮೊದಲೇ ಅವು ಹಾಕಿರುತ್ತವೆ, ಕನ್ನಡಿ ಹಿಡಿಯುವಷ್ಟು ಪುರುಸೊತ್ತು ಅವಕ್ಕಿಲ್ಲ.

ಅದು ಬಿಡಿ. ನನಗೆ ಹೇಳಬೇಕಾದ ಸಂಗತಿ ಬೇರೆ ಇದೆ. ಈಗ ಕೆಲವು ವರ್ಷಗಳಿಂದ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತು, ಕೊಳವೆಯೊಳಗಿಂದ ಕೊಳವೆ ಎಳೆದು 60 ಅಡಿ ಉದ್ದ ಮಾಡಿ, ತುದಿಯ ಕತ್ತಿಯಿಂದ ಕೊನೆ ಕೊಯ್ಯುವುದು. ಹತ್ತುವವರು ಸಿಗುವುದಿಲ್ಲ, ಸಿಕ್ಕಿದವರ ಜೀವಕ್ಕೆ ಅಪಾಯ, ಎರಡಕ್ಕೂ ಇದು ಒಳ್ಳೆಯದೇ. ಭಾವನ ಮಗ ತರಬೇತಿಗೆ ಹೋಗಿ ಕಲಿತುಬಂದ. ಮೊದಲ ದಿನ ಅವನು ದೋಟಿ ಹಿಡಿದದ್ದು ನೋಡಬೇಕಿತ್ತು. ಅವನಿಗೆ ಗೊತ್ತಾಗುತ್ತಿದ್ದುದು ಅಂಗೈಯಲ್ಲಿದ್ದ ಕೋಲು ಮಾತ್ರ. ಅದರ ಭಾರ, ಅದರ ಜಾರಿಕೆ, ಗಾಳಿಗೆ ಅದರ ಓಲಾಟ. ತುದಿ ಎಲ್ಲಿದೆಯೆಂದು ಕಣ್ಣಿಂದ ಹುಡುಕುತ್ತಿದ್ದ. ಒಂದು ವಾರ ಕಳೆಯಿತು. ಕೋಲು ಮಾಯ. ಕತ್ತಿ ಕೊನೆಯ ಬುಡಕ್ಕೆ ತಾಗಿದ್ದು, ಜಾರಿದ್ದು, ಹಸಿ ನಾರು ಕಡಿದದ್ದು ಎಲ್ಲ ಅವನಿಗೆ ಅಲ್ಲೇ, ಮೇಲೆ, 60 ಅಡಿಯಾಚೆಯೇ ತಿಳಿಯತೊಡಗಿತು. "ಬೆಳೆದದ್ದಾ, ಎಳತಾ?" ಎಂದು ಕೇಳಿದರೆ "ಕೊಯ್ವಾಗ್ಲೇ ಗೊತ್ತಾಗ್ತು" ಎನ್ನುತ್ತಾನೆ.

ಫ್ರಾನ್ಸಿನ ಮೆರ್ಲೋ-ಪೊಂತಿ 1945ರ ತನ್ನ ಪುಸ್ತಕದಲ್ಲಿ ಕುರುಡನ ಊರುಗೋಲಿನ ಮಾತು ಹೇಳುತ್ತಾನೆ. ರೂಢಿಯಾದ ಮೇಲೆ ಕೋಲು ಅವನಿಗೆ ವಸ್ತುವಾಗಿ ಉಳಿಯುವುದಿಲ್ಲ, ಕೋಲಿನ ತುದಿಯೇ ಅವನ ಬೆರಳತುದಿ. ಮೈ ಚರ್ಮಕ್ಕೆ ಮುಗಿಯುವುದಿಲ್ಲ ಎಂದರ್ಥ. ಭಾವನ ಮಗ ಈಗ ಅರವತ್ತಾರು ಅಡಿ ಎತ್ತರದ ಹುಡುಗ. ಹೆಣ್ಣು ಸಿಗದಿರಲು ಅದೂ ಒಂದು ಕಾರಣವೋ ಏನೋ.

ಆದರೆ ನಾನು ಗಮನಿಸಿದ್ದು ಇದು. ದೋಟಿಯ ಕೊಯ್ಲು ನೋಡುವಾಗ ನನ್ನ ಕಾಲಬೆರಳು ಮುದುಡುವುದಿಲ್ಲ. ಕತ್ತು ನೋಯುತ್ತದೆ! ಅವನು ದಿನವಿಡೀ ಆಕಾಶ ನೋಡಿ ಕತ್ತು ನೋಯಿಸಿಕೊಳ್ಳುತ್ತಾನೆ, ಪಕ್ಕದಲ್ಲಿ ಸುಮ್ಮನೆ ನಿಂತ ನನಗೂ ಹಿಂಗತ್ತು ಹಿಡಿಯುತ್ತದೆ. ಭಾವ ಇದನ್ನು ಒಪ್ಪುವುದಿಲ್ಲ, ನಿಂಗೂ ಮೇಲೆ ನೋಡಿ ನೋಡಿ ಹಿಡಿದದ್ದು, ಅವನದ್ದಲ್ಲ ಎನ್ನುತ್ತಾನೆ. ಅವನು ಹೇಳಿದ್ದೇ ಸರಿಯಿರಬಹುದು. 'ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ' ಎಂಬ ಗಾದೆ ಇಂಥ ತಬ್ಬಿಬ್ಬಿಗೇ ಹುಟ್ಟಿದ್ದಿರಬೇಕು.

ಮರ ಹತ್ತುವುದು ನಿಂತರೆ ಹತ್ತುವವನ ಭಯ ನನ್ನ ಮೈಗೆ ತಿಳಿಯುವುದೂ ನಿಲ್ಲುತ್ತದೆ. ಅದು ನಷ್ಟವೆಂದು ನಾನು ಹೇಳಲಾರೆ. ಮರದಿಂದ ಬಿದ್ದವರನ್ನು ಕಂಡವ ಯಾರೂ ಹಾಗೆ ಹೇಳಲಾರ.

ಪಕ್ಕದ ಕೇರಿಯಲ್ಲಿ ಒಬ್ಬನಿದ್ದಾನೆ. ಹದಿನೈದು ವರ್ಷದ ಕೆಳಗೆ ಮಳೆಗಾಲಕ್ಕೆ ಮೊದಲು ಅಡಿಕೆ ಕೊನೆಗೆ ಕೊಟ್ಟೆ ಕಟ್ಟಲು ಹತ್ತಿದವ ಮರ ಮುರಿದು ಬಿದ್ದ. ಸೊಂಟದ ಕೆಳಗೆ ಬಲವಿಲ್ಲ. ಈಗ ಜಗಲಿಯ ಮೇಲೆ ಕೂತು ಬುಟ್ಟಿ ನೇಯುತ್ತಾನೆ. ನಾನು ವರ್ಷಕ್ಕೆ ನಾಲ್ಕಾರು ಸಲ ಹೋಗುತ್ತೇನೆ. ಮೊದಮೊದಲು ಹೋದಾಗ ಬಾಗಿಲಲ್ಲೇ ಮುಖ ಬಾಡಿಸಿಕೊಂಡು ಹೋಗುತ್ತಿದ್ದೆ. ಒಂದು ದಿನ ಅವನೇ ಹೇಳಿದ: "ನೀವು ಬಂದ್ರೆ ನನಗಿಂತ ನಿಮಗೇ ಹೆಚ್ಚು ಬೇಜಾರು. ನಾನೇ ಸಮಾಧಾನ ಮಾಡ್ಬೇಕು. ಅಡಿಕೆ ರೇಟ್ ಎಷ್ಟಾಯ್ತು, ಅದು ಹೇಳಿ ಮೊದ್ಲು." ಅಂದಿನಿಂದ ಶಿರಸಿ ಪೇಟೆಯ ಚಾಲಿ, ರಾಶಿ, ಬೆಟ್ಟೆ ದರಗಳನ್ನು ಬಾಯಿಪಾಠ ಮಾಡಿಕೊಂಡೇ ಹೋಗುವುದು.

ಅವನು ಹೇಳಿದ ಇನ್ನೊಂದು ಮಾತು ನನ್ನ ತಲೆಯಿಂದ ಹೋಗುವುದಿಲ್ಲ. ಕನಸಿನಲ್ಲಿ ಅವನು ಈಗಲೂ ಹತ್ತುತ್ತಾನಂತೆ. ಬಿದ್ದ ಕನಸು ಒಂದು ಸಲವೂ ಬಿದ್ದಿಲ್ಲ, ಬರೀ ಹತ್ತುವ ಕನಸು. ಎಚ್ಚರವಾದ ಮೇಲೆ ಸ್ವಲ್ಪ ಹೊತ್ತು ಹತ್ತುವಾಗ ಕಾಲಿಗೆ ಹಾಕುವ ತಳೆ ಒತ್ತುತ್ತಿದ್ದ ಜಾಗ, ಪಾದದ ಒಳಬದಿ, ಉರಿಯುತ್ತದೆಯಂತೆ. ಚಿವುಟಿದರೆ ಗೊತ್ತಾಗದ ಪಾದ. "ಕಾಲು ನನ್ನ ಮರ್ತಿದೆ ಹೆಗಡೇರೇ, ನಾನು ಕಾಲನ್ನು ಮರ್ತಿಲ್ಲ," ಎಂದು ಬುಟ್ಟಿಯ ಬಳ್ಳಿ ಎಳೆದ. ಆಗ ನಾನು ಅವನ ಪಾದವನ್ನೇ ನೋಡುತ್ತಿದ್ದೆ. ಹಿಮ್ಮಡಿ ಮಗುವಿನದರಂತೆ ನುಣ್ಣಗಾಗಿತ್ತು. ಹತ್ತುವವರ ಪಾದದ ಒಳಬದಿಯಲ್ಲಿ ಒಂದು ಜಡ್ಡು ಇರುತ್ತದೆ, ಅದು ಮಾತ್ರ ಹಾಗೇ ಇತ್ತು.

ಈ ಕತೆಯನ್ನು ಭಾವನಿಗೆ ಹೇಳಿರಲಿಲ್ಲ. ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಆಮೇಲೆ ಅವನು "ಕವಳ ಹಾಕನ" ಎಂದು ಸಂಚಿ ಬಿಚ್ಚಿದ. ಎಲೆಯ ತೊಟ್ಟು ಮುರಿದು, ನಾರು ಎಳೆದು, ಸುಣ್ಣ ಸವರುವಷ್ಟು ಹೊತ್ತು ನಮ್ಮಲ್ಲಿ ಯಾವ ದುಃಖಕ್ಕಾದರೂ ಸಲ್ಲುವ ಮೌನ.

ಹಾಗಾದರೆ ಆ ಮನುಷ್ಯ ಯಾರು, ತಲೆಯಲ್ಲಿರುವವನೋ, ಕಾಲಲ್ಲಿದ್ದವನೋ? ಭಾವ ತಾಳಮದ್ದಳೆಯಲ್ಲಿ ಅರ್ಥ ಹೇಳುವವ, ವಾದಕ್ಕೆ ಬಿದ್ದರೆ ಬಿಡುವವನಲ್ಲ. ನಾನು 'ಹಯವದನ' ತೆಗೆದೆ. ಗಿರೀಶ ಕಾರ್ನಾಡರು ಬಾಲ್ಯ ಕಳೆದದ್ದು ನಮ್ಮ ಶಿರಸಿಯಲ್ಲೇ, ಅವರ ತಂದೆ ಅಲ್ಲಿ ವೈದ್ಯರಾಗಿದ್ದರು. ಹುಡುಗ ಅಲ್ಲಿ ಕಂಡ ಆಟಗಳ ಭಾಗವತ 1971ರ ಆ ನಾಟಕದಲ್ಲಿ ಬಂದು ಕೂತಿದ್ದಾನೆ. ಕತೆ ಕಥಾಸರಿತ್ಸಾಗರದಷ್ಟು ಹಳೆಯದು, ನಡುವೆ 1940ರಲ್ಲಿ ಥಾಮಸ್ ಮಾನ್ ಅದನ್ನು ಜರ್ಮನ್ ಭಾಷೆಗೆ ಒಯ್ದು ಕಾದಂಬರಿ ಮಾಡಿದ್ದ. ದೇವದತ್ತನಿಗೆ ಒಳ್ಳೆಯ ತಲೆ, ಕಪಿಲನಿಗೆ ಒಳ್ಳೆಯ ಮೈ. ಕಾಳಿಯ ಗುಡಿಯಲ್ಲಿ ಇಬ್ಬರ ತಲೆಯೂ ಉರುಳಿ, ಪದ್ಮಿನಿ ಗಡಿಬಿಡಿಯಲ್ಲಿ ಅದಲುಬದಲು ಜೋಡಿಸಿ, ಈಗ ಗಂಡ ಯಾರು ಎಂಬ ಜಗಳ. ಋಷಿಯ ತೀರ್ಪು: ತಲೆ ಯಾರದೋ ಮನುಷ್ಯ ಅವನೇ.

"ತೀರ್ಪು ಸರೀ ಇದ್ದು," ಎಂದ ಭಾವ. "ನಮ್ಮ ನರ್ಸರಿಯವ್ವೂ ಅದನ್ನೇ ಹೇಳ್ತ."

ಅವನು ಹೇಳಿದ್ದು ಮೆಣಸಿನ ಕಸಿಯ ಮಾತು. ಕಾಳುಮೆಣಸಿಗೆ ಸೊರಗುರೋಗ ಬಂದು ಬಳ್ಳಿ ಬಳ್ಳಿಯೇ ಕರಗಿಹೋಗಲು ಶುರುವಾದ ಮೇಲೆ ನಮ್ಮ ಕಡೆ ಹಿಪ್ಪಲಿ ಕಸಿ ರೂಢಿಯಾಯಿತು. ದಕ್ಷಿಣ ಅಮೆರಿಕದ ಜೌಗಿನಿಂದ ಬಂದ ಹಿಪ್ಪಲಿಯ ಬುಡ, ಅದರ ಮೇಲೆ ಊರಿನ ಮಲ್ಲಿಸರದ ತಲೆ. ಬುಡಕ್ಕೆ ಆ ರೋಗ ತಾಗುವುದಿಲ್ಲ. ಗಿಡ ಮಾರುವವ ಅದನ್ನು ಮಲ್ಲಿಸರ ಎಂದೇ ಮಾರುತ್ತಾನೆ. ಕಾಡುಮಾವಿನ ಬುಡಕ್ಕೆ ಕಟ್ಟಿದ ಅಪ್ಪೆಮಿಡಿಯೂ ಅಪ್ಪೆಮಿಡಿಯೇ. ತಲೆಯ ಹೆಸರೇ ಗಿಡದ ಹೆಸರು.

ನಾನು ಬಿಡಲಿಲ್ಲ. ನನ್ನ ತೋಟದ ಕೆಳ ಅಂಚಿನಲ್ಲಿ ಹಾಕಿದ ಕಸಿಬಳ್ಳಿ ಚಂದ ಬಂತು. ಮೇಲಿನ ಒಣ ದಿಬ್ಬದಲ್ಲಿ ಹಾಕಿದ್ದು ಎರಡನೇ ಬೇಸಿಗೆಗೇ ಬಾಡಿತು, ಪಕ್ಕದಲ್ಲಿದ್ದ ಕಸಿಯಿಲ್ಲದ ಮಲ್ಲಿಸರ ಅದೇ ಬಿಸಿಲಿಗೆ ನಗುತ್ತ ನಿಂತಿತ್ತು. ಜೌಗಿನ ಬುಡಕ್ಕೆ ಜೌಗೇ ಬೇಕು. ತಲೆ ಮಲ್ಲಿಸರದ್ದು, ಬಾಯಾರಿಕೆ ಹಿಪ್ಪಲಿಯದು. ಕಾರ್ನಾಡರ ಕಪಿಲನಿಗೂ ಆದದ್ದು ಅದೇ ಅಲ್ಲವೇ. ಕಾಡಿಗೆ ಹೋಗಿ ದುಡಿದು ದುಡಿದು ದೇವದತ್ತನ ಮೆತ್ತನೆಯ ಮೈಯನ್ನು ತನ್ನ ತಲೆಗೆ ತಕ್ಕ ಹಾಗೆ ಗಡಸು ಮಾಡಿಕೊಂಡ, ಆದರೆ ಆ ಮೈ ಮುಟ್ಟಿದ್ದರ, ಅದನ್ನು ಮುಟ್ಟಿದವಳ ನೆನಪು ಅದರೊಳಗೇ ಉಳಿದಿತ್ತು. ಋಷಿ ಬರೀ ತಲೆ ಎಣಿಸಿದ. ಅವನು ತೋಟ ಮಾಡಿದವನಲ್ಲ.

ಭಾವ ತಲೆಯಾಡಿಸಿದ. ಒಪ್ಪಿದ್ದೋ, ಕವಳ ಹದವಾದದ್ದೋ ತಿಳಿಯಲಿಲ್ಲ.

ಇನ್ನು ಹೆಸರಿನ ವಿಷಯ ಹೇಳಿದರೆ ನಗುತ್ತೀರಿ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು. ಹೀಗಾಗಿ ಒಂದೇ ಕೇರಿಯಲ್ಲಿ ನಾಲ್ಕು ಗಣಪತಿ ಹೆಗಡೆ, ಮೂರು ಮಂಜುನಾಥ ಹೆಗಡೆ. ಅಂಚೆಯವ ಮೊದಲು ಕೇಳುವುದು 'ಯಾವ ಮನೆ' ಎಂದು. ಮೇಲಿನಮನೆ, ಕೆಳಗಿನಮನೆ, ಆಚೆಮನೆ. ಮನೆ ಬಿಟ್ಟು ಬೆಂಗಳೂರು ಸೇರಿದವರನ್ನೂ ಊರು ಇಂದಿಗೂ ಹಾಗೇ ಗುರುತಿಸುತ್ತದೆ, ಮನೆಗೆ ಬೀಗ ಬಿದ್ದಿದ್ದರೂ. ಇನ್ನು ಹೆಂಗಸರ ಪಾಡು ಕೇಳಬೇಡಿ, ನಮ್ಮ ಹವ್ಯಕ ಮಾತಿನಲ್ಲಿ ಅವರು ವ್ಯಾಕರಣಕ್ಕೆ ನಪುಂಸಕಲಿಂಗ. 'ಅವಳು ಬಂದಳು' ಎನ್ನುವುದಿಲ್ಲ, 'ಅದು ಬಂತು'. ತಂಗಿಯ ಮಗಳು ಈ ವಿಷಯಕ್ಕೆ ಒಮ್ಮೆ ಜಗಳಕ್ಕೇ ನಿಂತಳು. ನನ್ನ ಹೆಂಡತಿ ಒಳಗಿಂದ ಹೇಳಿದಳು: "ಅದು ಹೇಳಿ ಕರೆದ್ರೂ ಅಡ್ಡಿಲ್ಲೆ, ಅದು ಹೇಳಿದ್ದು ಕೇಳಿದ್ರೆ ಸಾಕು."

ಆದರೆ 'ನಾನು' ಎಂಬ ಶಬ್ದವನ್ನು ಭಾವನಷ್ಟು ಸಲೀಸಾಗಿ ದುರುಪಯೋಗ ಮಾಡುವವರನ್ನು ನಾನು ಕಂಡಿಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು, ಶಾಲು ಹೊದ್ದು, ಚಾಪೆಯ ಮೇಲೆ ಕೂತವ ಭಾಗವತರ ಪದ ಮುಗಿದ ಕೂಡಲೇ 'ನಾನು' ಎಂದು ಬಾಯಿ ತೆರೆದರೆ ಅದು ಕರ್ಣ. ಮಾತು ಬರೆದುಕೊಟ್ಟದ್ದಲ್ಲ, ಆ ಹೊತ್ತಿಗೆ ಹುಟ್ಟಬೇಕು. ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು, ರಾಮನ ಪಕ್ಷದವರೂ, ಒಂದು ಗಳಿಗೆ ವಾಲಿಯೇ ಸರಿ ಎಂದುಕೊಂಡು ಮನೆಗೆ ಹೋದದ್ದುಂಟು. ಹೋದ ವರ್ಷ ಸಪ್ತಾಹದಲ್ಲಿ ನಮ್ಮ ಭಾವ ಮೊದಲ ದಿನ ಕರ್ಣನಾಗಿ ಕೃಷ್ಣನ ಬಾಯಿ ಮುಚ್ಚಿಸಿದ. ಮರುದಿನ ಅವನೇ ಕೃಷ್ಣನಾಗಿ ಬೇರೆಯವನ ಕರ್ಣನನ್ನು ನೆಲಕ್ಕೆ ಕೆಡವಿದ. ಮೊದಲ ರಾತ್ರಿ, ಕುಂತಿ ಬಂದು ಹೋದ ಮೇಲೆ, ಅವನ ಕಣ್ಣಲ್ಲಿ ನಿಜವಾದ ನೀರು ಬಂದದ್ದನ್ನು ನಾನು ಎರಡು ಮಾರು ದೂರದಿಂದ ನೋಡಿದ್ದೇನೆ. ಶಾಲಿನ ಅಂಚಿನಿಂದ ಒರೆಸಿಕೊಂಡ. ಮುಂದಿನ ಪದ ಶುರುವಾಗುವುದರೊಳಗೆ ಪಕ್ಕಕ್ಕೆ ಬಾಗಿ ಮದ್ದಳೆಯವನಿಗೆ ಪಿಸುಗುಟ್ಟಿದ: "ಕಷಾಯ ಬಪ್ಪದು ಇದ್ದ?"

ನಾನು ಮೊನ್ನೆ ದಣಪೆಯಲ್ಲಿ ನಿಂತು ಇದನ್ನೇ ಕೇಳಿದೆ. ಆಗ ಅತ್ತದ್ದು ಯಾರು, ಕಷಾಯ ಕೇಳಿದ್ದು ಯಾರು?

ಅವನು ನಗಲಿಲ್ಲ. ಅವನಿಗೆ ಹತ್ತು ವರ್ಷವಿದ್ದಾಗ ತಾಯಿ ತೀರಿಕೊಂಡಿದ್ದಳು. ಕುಂತಿಯ ಎದುರು ಕೂತಾಗ ತನ್ನ ಅಬ್ಬೆಯನ್ನು ನೆನೆಸುವುದಿಲ್ಲವಂತೆ. ನೆನೆಸಿದರೆ ಗಂಟಲು ಕಟ್ಟಿ ಅರ್ಥ ಕೆಡುತ್ತದೆ, ಅದು ತನ್ನ ಅಳು, ಕರ್ಣನದ್ದಲ್ಲ. ಕರ್ಣನ ದುಃಖ ಹೇಳಬೇಕಾದರೆ ತನ್ನದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಕೂರಬೇಕು, ಬಸ್ಸಿನಲ್ಲಿ ಇನ್ನೊಬ್ಬನಿಗೆ ಜಾಗ ಬಿಟ್ಟ ಹಾಗೆ ಎಂದ. ಭಟ್ಟನಾಯಕ ಸಾಧಾರಣೀಕರಣ ಎಂದದ್ದು ಇದನ್ನೇ ಇರಬೇಕು ಎಂದು ನಾನು ಹೇಳಲು ಹೊರಟೆ. ಹೇಳಲಿಲ್ಲ. ಬಸ್ಸಿನ ಮಾತು ಸಾಕಿತ್ತು.

ಅಷ್ಟರಲ್ಲಿ ಗೌಡ ಸಾಲು ಮುಗಿಸಿ ಇಳಿದ. ಕೊನೆಯ ಮರದಿಂದ ಸರ್ರನೆ ಜಾರಿ ಬಂದು ತಳೆ ಕಳಚಿ ಹೆಗಲಿಗೆ ಹಾಕಿಕೊಂಡ. ನಾನು ಚಂಬಿನಲ್ಲಿ ನೀರು, ಬೆಲ್ಲ ಕೊಟ್ಟೆ. ಅವನು ಗಟಗಟ ಕುಡಿದು, ಉಳಿದ ನೀರನ್ನು ಮುಖಕ್ಕೆ ಎರಚಿಕೊಂಡು, ಸ್ವಲ್ಪ ಸಂಕೋಚದಿಂದ ಹೇಳಿದ:

"ಹೆಗಡೇರೇ, ಒಂದು ಮಾತು. ನಾಳೆ ನಾನು ಹತ್ತುವಾಗ ನೀವು ಕೆಳಗೆ ನಿಲ್ಬೇಡಿ."

"ಯಾಕೋ?"

"ಮೇಲೆ ನನಗೆ ಹೆದರಿಕೆ ಅಂತ ಇಲ್ಲ. ದಾಟುವಾಗ ಒಂದ್ಸಲ ಕೆಳಗೆ ಕಣ್ಣು ಹೋಗ್ತದೆ, ನಿಮ್ಮ ಮುಖ ಕಾಣ್ತದೆ. ಅದನ್ನು ಕಂಡ ಕೂಡ್ಲೇ ಮರ ಎತ್ತರ ಆಗ್ತದೆ."

ಭಾವ ದಣಪೆ ಹಿಡಿದುಕೊಂಡು ನಕ್ಕ ನಗೆಗೆ ಕವಳ ನೆತ್ತಿಗೇರಿತು. ಮರುದಿನ ನಾನು ಕೊಟ್ಟಿಗೆಯ ಹಿಂದೆ ನಿಂತೆ. ಅಲ್ಲಿಂದ ಮರದ ತಲೆ ಕಾಣುವುದಿಲ್ಲ, ಹಗ್ಗದ ಮೇಲೆ ಕೊನೆ ಜಾರಿ ಬರುವ ಸದ್ದು ಮಾತ್ರ ಕೇಳುತ್ತದೆ. ಒಂದು ಕೊನೆ ಬಂತು. ಇನ್ನೊಂದು ಬಂತು. ಆಮೇಲೆ ಸದ್ದಿಲ್ಲ. ಈಗ ದಾಟುತ್ತಿದ್ದಾನೆ.